ಮೂರನೆಯ ಮಹಡಿಯ ಬಿಳಿ ಬೆಳಕು

ಹದಿನೆಂಟು ಜನ ಒಳಗೆ ಹೋಗಿದ್ದರು. ಹದಿನೇಳು ಜನ ಹೊರಗೆ ಬಂದರು.

ತೊದೊರೊಕಿ ಎರಡನೆಯ ಸಲ ಎಣಿಸಿದ. ಹದಿನೇಳೇ.

ಸಾಯ್‌ತಾಮಾದ ಆ ಕಟ್ಟಡ ಒಂದು ಕಾಲಕ್ಕೆ ಅವನ ತಂದೆಯ ಬಟ್ಟೆ ಬಣ್ಣ ಹಾಕುವ ಕಾರ್ಖಾನೆ. ಈಗ ಅದು ಆಟದ ಅಖಾಡ. ಕಿಟಕಿಗಳಿಗೆ ಕಪ್ಪು ಬಳಿದ ಹಲಗೆ ಹೊಡೆದು ಒಳಗೆ ಹಗಲನ್ನೇ ಕೊಂದಿದ್ದರು. ಭಾನುವಾರಗಳಂದು ಕಂಪನಿಯ ಗುಮಾಸ್ತರು, ಮೇಷ್ಟ್ರುಗಳು, ಎಂಜಿನಿಯರುಗಳು ಮುಖವಾಡ ಧರಿಸಿ, ನಕಲಿ ಬಂದೂಕು ಹಿಡಿದು, ಪ್ಲಾಸ್ಟಿಕ್ ಗುಂಡು ಹಾರಿಸಿಕೊಂಡು ಯುದ್ಧವಾಡುತ್ತಿದ್ದರು. ಪ್ರತಿ ಆಟದ ಕೊನೆಗೂ ತಲೆ ಎಣಿಸುವುದು ತೊದೊರೊಕಿಯ ನಿಯಮ.

ಅವನು ದೊಡ್ಡ ದೀಪಗಳನ್ನೆಲ್ಲ ಹಾಕಿದ. ಮೇಲೆ ಓಡಿದ.

ಮೂರನೆಯ ಮಹಡಿಯಲ್ಲಿ ಸರಕು ಸಾಗಿಸುವ ಹಳೆಯ ಲಿಫ್ಟಿನ ಬಾಯಿ ತೆರೆದಿತ್ತು. ಅಡ್ಡಲಾಗಿ ಬೋಲ್ಟ್ ಹಾಕಿ ಬಿಗಿದಿದ್ದ ಮರದ ತಡೆ ಪಕ್ಕದಲ್ಲಿ ಬಿದ್ದಿತ್ತು. ಕೆಳಗೆ, ನೆಲಮಾಳಿಗೆಯ ಕಾಂಕ್ರೀಟಿನ ಮೇಲೆ, ಒಬ್ಬ ಮಲಗಿದ್ದ. ಮುಖವಾಡ ಇನ್ನೂ ಮುಖದ ಮೇಲಿತ್ತು. ಕುತ್ತಿಗೆ ಮಾತ್ರ ಇರಬಾರದ ಕಡೆಗೆ ತಿರುಗಿತ್ತು.

ಸತ್ತವನು ರಮಾಕಾಂತ. ನಲವತ್ತನಾಲ್ಕು ವರ್ಷ. ಹೊಶಿಮಿ ಮಾಪನ ಎಂಬ ಕಂಪನಿಯ ಹಿರಿಯ ವಿಜ್ಞಾನಿ.

ಲಿಫ್ಟಿನ ಬಾಯಿಯ ಅಂಚಿನಲ್ಲಿ ಒಂದು ಬಂದೂಕು ಬಿದ್ದಿತ್ತು. ನಳಿಗೆಯ ಕೆಳಗೆ ಟಾರ್ಚ್ ಕೂರಿಸಿದ್ದರು. ಹಿಡಿಯ ಮೇಲೆ ಅಂಟಿಸಿದ್ದ ಚೀಟಿಯ ಅಕ್ಷರಗಳು ತೊದೊರೊಕಿಗೆ ಓದಲು ಬರಲಿಲ್ಲ. ಆ ದಿನ ಆಡಲು ಬಂದವರಲ್ಲಿ ಮೂವರಿಗೆ ಮಾತ್ರ ಆ ಲಿಪಿ ಬರುತ್ತಿತ್ತು. ಅವರಲ್ಲಿ ಒಬ್ಬ ಈಗ ಇರಲಿಲ್ಲ.

ಚೀಟಿಯಲ್ಲಿ ಇದ್ದದ್ದು: ಲಿಂಗರಾಜು.

\*\*\*

ಲಿಂಗರಾಜುವನ್ನು ಬಂಧಿಸಿದ ಒಂಬತ್ತನೆಯ ದಿನ ನೀರಜಾಳಿಗೆ ಠಾಣೆಯಿಂದ ಫೋನ್ ಬಂತು.

ಅವಳು ವಾಕೋದ ಪ್ರಯೋಗಾಲಯದಲ್ಲಿ ಬೆಳಕು ಸೂಸುವ ಅರೆವಾಹಕಗಳ ಸಂಶೋಧಕಿ. ಜಪಾನಿಗೆ ಬಂದು ಹನ್ನೊಂದು ವರ್ಷ. ಭೂಕಂಪವಾಗಿ ಅಣುಸ್ಥಾವರ ಸಿಡಿದ ವರ್ಷ ವಿಕಿರಣಕ್ಕೆ ಹೆದರಿ ಊರು ಬಿಟ್ಟುಹೋದವರು ಬಹಳ. ಅವಳು ಉಳಿದಳು. ಆಗ ಪೊಲೀಸರ ಅನುವಾದಕರ ಪಟ್ಟಿಯಲ್ಲಿ ಹೆಸರು ಕೊಟ್ಟಿದ್ದಳು. ಮೂರೂವರೆ ವರ್ಷ ಯಾರೂ ಕರೆದಿರಲಿಲ್ಲ. ಆ ಪಟ್ಟಿಯಲ್ಲಿ ಕನ್ನಡದ ಮುಂದೆ ಇದ್ದದ್ದು ಅವಳೊಬ್ಬಳದೇ ಹೆಸರು.

ಇನ್‌ಸ್ಪೆಕ್ಟರ್ ನಿಶಿಗಾಕಿ ಬಾಗಿಲಲ್ಲೇ ವಿಷಯ ಹೇಳಿದರು. ಅವರು ಕೂಗುವವರಲ್ಲ.

"ಇಷ್ಟು ದಿನ ಇಂಗ್ಲಿಷಿನಲ್ಲಿ ನಡೆಯಿತು. ಈಗ ಆತನ ಇಂಗ್ಲಿಷ್ ನಿಂತುಹೋಗಿದೆ. ಹೇಳಿಕೆ ಮಾತೃಭಾಷೆಯಲ್ಲೇ ಆಗಲಿ ಎಂದು ಪ್ರಾಸಿಕ್ಯೂಟರ್ ಹೇಳಿದ್ದಾರೆ. ನಿಯಮ ಗೊತ್ತಲ್ಲ, ನೀರಜಾ ಸಾನ್?"

"ಏನೂ ಸೇರಿಸಬಾರದು. ಏನೂ ಬಿಡಬಾರದು."

ಕೋಣೆಯಲ್ಲಿ ಕಿಟಕಿ ಇರಲಿಲ್ಲ. ಲಿಂಗರಾಜುವಿಗೆ ಇಪ್ಪತ್ತೇಳು ವರ್ಷ. ಗುಂಡ್ಲುಪೇಟೆ ಕಡೆಯವನು. ಪಿಎಚ್‌.ಡಿ. ವಿದ್ಯಾರ್ಥಿ. ಕಂಪನಿಯಲ್ಲಿ ನಡೆಸುತ್ತಿದ್ದ ಸಂಶೋಧನೆಗೆ ರಮಾಕಾಂತನೇ ಅವನ ಮಾರ್ಗದರ್ಶಿ.

"ನಾನು ನೀರಜಾ. ನೀವು ಹೇಳಿದ್ದನ್ನ ಹೇಳಿದ ಹಾಗೇ ಇವರಿಗೆ ಹೇಳ್ತೀನಿ."

ಅವನು ನಿಧಾನವಾಗಿ ತಲೆ ಎತ್ತಿದ. "ಒಂಬತ್ತು ದಿನ ಆಯ್ತು ಮೇಡಂ, ಕನ್ನಡ ಕೇಳಿ."

ಅವಳು ಅದನ್ನೂ ಅನುವಾದಿಸಿದಳು. ಬರೆಯುತ್ತಿದ್ದ ಪೇದೆ ಅದನ್ನೂ ಬರೆದುಕೊಂಡ.

"ಟಾರ್ಚಿನ ವಿಷಯ ಮತ್ತೆ ಹೇಳಿ," ಎಂದರು ನಿಶಿಗಾಕಿ.

"ರಮಾಕಾಂತ್ ಸರ್ ಕಂಪನೀಲೇ ಇರೋ ಶ್ರೀಹರಿ ಸರ್ ಕೊಟ್ಟಿದ್ದು. ಎಂಟು ವರ್ಷ ಅವರೇ ಇಟ್ಕೊಂಡಿದ್ರು. ಹೊಸದು ತಗೊಂಡ್ರು, ಹಳೇದು ನಂಗೆ ಕೊಟ್ರು. ಹಳೇ ಬಲ್ಬು. ಹಳದಿ ಬೆಳಕು, ಮಂಕು. ನಾನು ಅಕಿಹಬಾರಾ ಮಾರ್ಕೆಟ್ಟಿಗೆ ಹೋಗಿ ಎಲ್‌ಇಡಿ ತಂದೆ. ಮುಂದಿನ ಮುಚ್ಚಳ ತಿರುಗಿಸಿ ಬಲ್ಬ್ ತೆಗೆದು, ಅದೇ ಜಾಗಕ್ಕೆ ಇದನ್ನ ಕೂರಿಸೋದು. ಎರಡೇ ನಿಮಿಷ. ಎಂಟು ಪಟ್ಟು ಜಾಸ್ತಿ ಬೆಳಕು ಮೇಡಂ. ಬಿಳೀದು."

ಹೇಳುವಾಗ ಅವನ ದನಿಯಲ್ಲಿ ಒಂದು ಕ್ಷಣ ಹಳೆಯ ಹೆಮ್ಮೆ ಬಂತು. ಮರುಕ್ಷಣ ಹೋಯಿತು.

"ರಮಾಕಾಂತ ಅವರು ಬೈದರು?"

"ಊಟದ ಹೊತ್ತಲ್ಲಿ. ಎಲ್ರ ಮುಂದೆ. 'ಥೀಸಿಸ್ ಬರಿಯೋಕೆ ಟೈಮಿಲ್ಲ, ಬಲ್ಬ್ ಬದಲಾಯಿಸೋಕೆ ಟೈಮಿದೆ ಈ ಮಹಾನುಭಾವನಿಗೆ. ಯಾರ ಕಣ್ಣಿಗಾದ್ರೂ ಬಿದ್ರೆ ಏನ್ ಗತಿ' ಅಂದ್ರು."

"ನೀವು ಏನೆಂದಿರಿ?"

ಪೇದೆ 'ಮೌನ' ಎಂದು ಬರೆದ.

"'ಮೊದಲು ನಿಮ್ಮ ಕಣ್ಣಿಗೇ ಬಿಡ್ತೀನಿ ಸರ್' ಅಂದೆ. ತಮಾಷೆಗೆ ಮೇಡಂ. ಅವರೂ ನಕ್ರು. ನಕ್ರು ಅಂತನೂ ಹೇಳಿ ಇವರಿಗೆ."

ಅವಳು ಹೇಳಿದಳು. ಆದರೆ ಆ ನಗುವಿಗೆ ಸಾಕ್ಷಿ ಇರಲಿಲ್ಲ. ಆ ಮಾತಿಗೆ ಇತ್ತು. ಶ್ರೀಹರಿ ಅದನ್ನು ಜಪಾನೀಸಿಗೆ ತಿರುಗಿಸಿ ಮೊದಲ ದಿನವೇ ಪೊಲೀಸರಿಗೆ ಕೊಟ್ಟಿದ್ದ. ಜೊತೆಗೆ ಇನ್ನೊಂದು ಮಾತು: ಮೂರನೆಯ ಮಹಡಿಯಲ್ಲಿ ಕಣ್ಣು ಕುಕ್ಕುವ ಬಿಳಿ ಬೆಳಕು ಹೊತ್ತಿದ್ದನ್ನು ನಾನು ಕಂಡೆ. ರಮಾಕಾಂತ ಕೈ ಅಡ್ಡ ಹಿಡಿದು ಹಿಂದೆ ಸರಿದ. ಬಿದ್ದ. ಆಗ ಎಡವಿ ಬಿದ್ದನೆಂದಷ್ಟೇ ಅಂದುಕೊಂಡೆ.

ಪೊಲೀಸರು ಮೊದಲು ಹಿಡಿದದ್ದು ತೊದೊರೊಕಿಯನ್ನು. ತಡೆ ಸಡಿಲವಾಗಿತ್ತು, ನಿರ್ಲಕ್ಷ್ಯ ಎಂದು. ಅವನು ಪ್ರತಿ ಭಾನುವಾರ ಬೆಳಗ್ಗೆ ಬೋಲ್ಟುಗಳ ಫೋಟೋ ತೆಗೆದಿಡುತ್ತಿದ್ದ. ಆ ದಿನದ ಫೋಟೋದಲ್ಲಿ ಎರಡೂ ಬಿಗಿಯಾಗಿದ್ದವು. ಅಂದರೆ ಯಾರೋ ಬಿಚ್ಚಿದ್ದರು. ಅಲ್ಲಿಂದ ಅದು ಅಪಘಾತವಾಗಿ ಉಳಿಯಲಿಲ್ಲ.

"ಬಂದೂಕು ನನ್ ಹತ್ರ ಇರ್ಲಿಲ್ಲ," ಎಂದ ಲಿಂಗರಾಜು. "ಊಟಕ್ಕೆ ಹೋಗೋವಾಗ ಸ್ಟ್ಯಾಂಡಲ್ಲಿ ಇಟ್ಟೆ. ಬಂದು ನೋಡಿದ್ರೆ ಇಲ್ಲ. ಯಾರೋ ತಪ್ಪಿ ತಗೊಂಡಿದಾರೆ ಅಂತ ಬಾಡಿಗೆದು ಹಿಡ್ಕೊಂಡು ಒಳಗೆ ಹೋದೆ."

"ಬಾಡಿಗೆಗೆ ಕೊಟ್ಟ ನೆನಪು ತೊದೊರೊಕಿಗೆ ಇಲ್ಲ."

"ಎಲ್ರೂ ಮುಖವಾಡ ಹಾಕಿರ್ತಾರೆ. ಹೆಂಗ್ ನೆನಪಿರುತ್ತೆ?"

ನಿಶಿಗಾಕಿ ಕಾಗದಗಳನ್ನು ಸರಿಯಾಗಿ ಜೋಡಿಸಿದರು. "ಹೇಳಿಕೆಯ ಕರಡು ಸಿದ್ಧವಿದೆ. ನಾಡಿದ್ದು ಪ್ರಾಸಿಕ್ಯೂಟರ್ ಮುಂದೆ ಓದುತ್ತೇವೆ. ಒಪ್ಪಿದರೆ ಸಹಿ ಮಾಡಿ, ತೋರುಬೆರಳಿನ ಗುರುತು ಒತ್ತಬೇಕು."

"ಸೈನ್ ಹಾಕಿದ್ರೆ ಇದು ಮುಗಿಯುತ್ತಾ ಮೇಡಂ?"

ಅನುವಾದಕಿ ಉತ್ತರ ಕೊಡುವಂತಿರಲಿಲ್ಲ. ಅವಳು ಪ್ರಶ್ನೆಯನ್ನು ದಾಟಿಸಿದಳು. ಸಹಿ ಬಿದ್ದರೆ ಕೊಲೆಯ ಆರೋಪ. ಅದು ಅವಳಿಗೂ ಗೊತ್ತಿತ್ತು.

ನಿಶಿಗಾಕಿ ಎಂದರು: "ವಿಚಾರಣೆ ಮುಗಿಯುತ್ತದೆ."

ಎದ್ದು ನಿಂತವನ ಸೊಂಟಕ್ಕೆ ಪೇದೆ ಹಗ್ಗ ಕಟ್ಟಿದ. ಬಾಗಿಲ ಹತ್ತಿರ ಲಿಂಗರಾಜು ತನಗೆ ತಾನೇ ಎಂಬಂತೆ ಗೊಣಗಿದ. "ಟಾರ್ಚಿನ ಸೆಲ್ಲೂ ತೆಗೆದಿಟ್ಟಿದ್ದೆ. ಬಂದೂಕು ಕೆಳಗಿಟ್ರೆ ಸೆಲ್ ತೆಗೀತೀನಿ ನಾನು. ಒಂದ್ಸಲ ಬ್ಯಾಗಲ್ಲೇ ಉರಿದು ಖಾಲಿಯಾಗಿತ್ತು."

ನೀರಜಾ ಅದನ್ನೂ ಬಿಡಲಿಲ್ಲ.

"ಟಾರ್ಚಿನೊಳಗೆ ಎರಡು ಸೆಲ್ ಇದ್ದವು," ಎಂದರು ನಿಶಿಗಾಕಿ. "ಆತನ ಜೇಬಿನಲ್ಲೂ ಎರಡು ಸಿಕ್ಕಿವೆ. ಅವು ಹೆಚ್ಚುವರಿ."

"ಟಾರ್ಚ್ ಉರಿಯುತ್ತದೆಯೇ?" ಪ್ರಶ್ನೆ ಅವಳ ಬಾಯಿಂದ ಜಾರಿತು. ಯಾರ ಮಾತಿನ ಅನುವಾದವೂ ಆಗಿರಲಿಲ್ಲ.

ನಿಶಿಗಾಕಿ ಅವಳನ್ನು ನೋಡಿದರು. "ಇಲ್ಲ. ನೆಲಕ್ಕೆ ಬಿದ್ದು ಕೆಟ್ಟಿದೆ."

\*\*\*

ಆ ದಿನ ಅವಳು ಲ್ಯಾಬಿಗೆ ಹೋಗಲಿಲ್ಲ. ವಾಕೋ ನಿಲ್ದಾಣದ ಕೊಂಬಿನಿ ಅಂಗಡಿಯ ಮುಂದೆ, ಆರಿದ ಕಾಫಿ ಹಿಡಿದು ನಿಂತಿದ್ದಳು.

ಬಲ್ಬಿನ ತಂತಿ ಬಿದ್ದರೆ ತುಂಡಾಗುತ್ತದೆ. ಎಲ್‌ಇಡಿಯಲ್ಲಿ ಅಂಥ ಕಾಯುವ ತಂತಿಯೇ ಇಲ್ಲ. ಸೊಂಟದೆತ್ತರದಿಂದ ಬಿದ್ದದ್ದಕ್ಕೆ ಅದು ಸಾಯುವುದಿಲ್ಲ. ಅವಳು ಹತ್ತು ವರ್ಷದಲ್ಲಿ ಎಷ್ಟೋ ಬೀಳಿಸಿದ್ದಳು.

ಅವಳು ನಿಶಿಗಾಕಿಗೆ ಫೋನ್ ಮಾಡಿದಳು. "ಟಾರ್ಚಿನ ಭಾಗಗಳಿಗೆ ಕನ್ನಡದಲ್ಲಿ ಏನು ಹೇಳಬೇಕೋ ನನಗೆ ಖಚಿತವಿಲ್ಲ. ನಾಡಿದ್ದು ಹೇಳಿಕೆ ಓದುವ ಮೊದಲು ವಸ್ತುವನ್ನು ನೋಡಬೇಕು. ತಪ್ಪು ಅನುವಾದವಾದರೆ ಕೋರ್ಟಿನಲ್ಲಿ ಹೇಳಿಕೆ ನಿಲ್ಲುವುದಿಲ್ಲ."

ಫೋನಿನ ಆ ಕಡೆ ಕಾಗದ ಮಗುಚುವ ಸದ್ದು.

"ನಾಳೆ ಬೆಳಗ್ಗೆ ಹತ್ತಕ್ಕೆ," ಎಂದರು ಅವರು.

\*\*\*

ತಜ್ಞ ಕೈಗವಸು ಹಾಕಿ ಲಕೋಟೆಯ ಮುದ್ರೆ ಒಡೆದ. ಪ್ರತಿ ಹಂತಕ್ಕೂ ಫೋಟೋ.

"ಈವರೆಗೆ ಯಾರಾದರೂ ಒಳಗೆ ತೆರೆದಿದ್ದಾರಾ?" ನೀರಜಾ ಕೇಳಿದಳು.

"ಇಲ್ಲ. ಸ್ಥಳದಲ್ಲಿ ಸ್ವಿಚ್ ಒತ್ತಿ ನೋಡಿದೆವು. ಉರಿಯಲಿಲ್ಲ. ಎಕ್ಸ್‌ರೇಯಲ್ಲಿ ಸೆಲ್ ಕಾಣಿಸಿತು. ಅಷ್ಟೇ."

ಅವನು ಮುಂದಿನ ಮುಚ್ಚಳ ತಿರುಗಿಸಿದ. ಎಲ್‌ಇಡಿಯ ಹಿತ್ತಾಳೆ ತುಂಡು ಹೊರಬಂತು. ಅದರ ಹಿಂದೆ, ಕೊಳವೆಯ ಬಾಯಲ್ಲಿ, ಮೊದಲ ಸೆಲ್ಲಿನ ತುದಿ ಕಾಣಿಸಿತು.

ಚಪ್ಪಟೆಯಾಗಿತ್ತು.

"ನಿಲ್ಲಿಸಿ," ಎಂದಳು ನೀರಜಾ. "ಇದರ ಫೋಟೋ ತೆಗೆಯಿರಿ."

ನಿಶಿಗಾಕಿ ಬಗ್ಗಿ ನೋಡಿದರು. "ಏನು?"

"ಉಬ್ಬಿರುವ ತುದಿ ಬೆಳಕಿನ ಕಡೆಗಿರಬೇಕು. ಇದು ತಿರುಗುಮುರುಗಾಗಿದೆ. ಎರಡನೆಯದೂ ಹಾಗೇ ಇರಬೇಕು, ನೋಡಿ."

ಎರಡನೆಯದೂ ಹಾಗೇ ಇತ್ತು.

"ತಿರುಗಿಸಿ ಹಾಕಿ."

ತಜ್ಞ ನಿಶಿಗಾಕಿಯ ಮುಖ ನೋಡಿದ. ಅವರು ತಲೆಯಾಡಿಸಿದರು. ಸೆಲ್ ತಿರುಗಿದವು. ಮುಚ್ಚಳ ಬಿಗಿಯಿತು. ಸ್ವಿಚ್.

ಎದುರಿನ ಗೋಡೆ ಸುಣ್ಣ ಬಳಿದಂತೆ ಬೆಳ್ಳಗಾಯಿತು.

ತಜ್ಞ ಟಾರ್ಚ್ ಆರಿಸಿ, ಸೆಲ್ಲುಗಳನ್ನು ಮೀಟರಿಗೆ ಹಿಡಿದ. "ಪೂರ್ತಿ ತುಂಬಿವೆ. ಹೊಸವು. ಬೆರಳಚ್ಚು ಇಲ್ಲ." ಆಮೇಲೆ ಜೇಬಿನಲ್ಲಿ ಸಿಕ್ಕಿದ್ದವನ್ನೂ ಅಳೆದ. "ಇವು ಬಳಸಿದವು. ಬೇರೆ ತಯಾರಿಕೆ."

"ಜೇಬಿನವು ಹೆಚ್ಚುವರಿ ಅಲ್ಲ," ಎಂದಳು ನೀರಜಾ. "ಬೆಳಗ್ಗೆಯಿಂದ ಟಾರ್ಚಿನಲ್ಲಿ ಇದ್ದವು ಅವೇ."

ನಿಶಿಗಾಕಿ ಕುರ್ಚಿ ಎಳೆದು ಕುಳಿತರು. "ಈ ಟಾರ್ಚ್ ಆ ಮಧ್ಯಾಹ್ನ ಉರಿಯಲಿಲ್ಲ."

"ಉರಿಯುವುದು ಸಾಧ್ಯವೇ ಇರಲಿಲ್ಲ."

"ಆದರೆ ಒಬ್ಬರು ಬೆಳಕು ನೋಡಿದ್ದಾರೆ."

"ಹೌದು."

"ಯಾಕೆ?"

ಉತ್ತರ ಹುಡುಕಿ ಇಬ್ಬರೂ ರಮಾಕಾಂತನ ಮನೆಗೆ ಹೊರಟರು.

\*\*\*

ಓಜಿಮಾದ ಎತ್ತರದ ವಸತಿ ಕಟ್ಟಡ. ಎಂಟನೆಯ ಮಹಡಿ. ಬಾಗಿಲು ತೆರೆದದ್ದು ರಮಾಕಾಂತನ ಹೆಂಡತಿ ಕಾಮಾಕ್ಷಿ. ಹಣೆಯಲ್ಲಿ ಕುಂಕುಮವಿತ್ತು. ಇಡಬೇಡ ಎನ್ನುವವರು ಇಲ್ಲಿ ಯಾರೂ ಇರಲಿಲ್ಲ.

ನಿಶಿಗಾಕಿ ಬಾಗಿ ಸಂತಾಪ ಹೇಳಿದರು. ನೀರಜಾ ಅನುವಾದಿಸಿದಳು.

"ಲಿಂಗು ಮಾಡಿದಾನೆ ಅಂತ ನಾನು ನಂಬಲ್ಲ ಕಣ್ರೀ," ಎಂದಳು ಕಾಮಾಕ್ಷಿ. "ವಾರ ವಾರ ಇಲ್ಲೇ ಊಟ ಅವನದು. ಇವರು ಬೈಯೋರು, ಅವನು ಇನ್ನೊಂದು ಸೌಟು ಹುಳಿ ಹಾಕಿಸ್ಕೊಳ್ಳೋನು. ಹಂಗಿತ್ತು ಅದು."

"ಆ ವಾರ ನಿಮ್ಮ ಗಂಡನ ನಡತೆಯಲ್ಲಿ ಏನಾದರೂ ಬದಲಾವಣೆ?"

ಅವಳು ಒಮ್ಮೆ ಒಳಕೋಣೆಯ ಪರದೆಯ ಕಡೆ ನೋಡಿದಳು.

"ಶುಕ್ರವಾರ ಊಟ ಬಿಟ್ರು. ಶ್ರೀಹರಿ ಫೋನ್ ಮಾಡಿದ್ದ. ಇವರು ಬಾಲ್ಕನಿಗೆ ಹೋಗಿ ಮಾತಾಡಿದ್ರು. ಬಂದವರು ಗೋಡೆ ನೋಡ್ಕೊಂಡು ಕೂತ್ರು. ಏನ್ರೀ ಅಂದೆ. 'ಸೋಮವಾರ ಆಫೀಸಲ್ಲಿ ಒಂದು ವಿಷಯ ಹೇಳ್ಬೇಕು, ಆಮೇಲೆ ಒಬ್ಬನ ಬದುಕು ಮುಗಿಯುತ್ತೆ' ಅಂದ್ರು. ಯಾರದು ಅಂದ್ರೆ ಹೇಳ್ಲಿಲ್ಲ."

ಪರದೆಯ ಹಿಂದಿನಿಂದ ಎಂಟು ವರ್ಷದ ಹುಡುಗಿಯೊಬ್ಬಳು ಇಣುಕಿದಳು. ಮಗಳು ಪ್ರಣತಿ. ಅಮ್ಮನ ಕನ್ನಡ ಅರ್ಥವಾಗಿತ್ತು. ಉತ್ತರ ಮಾತ್ರ ಜಪಾನೀಸಿನಲ್ಲಿ ಬಂತು, ನೇರ ನಿಶಿಗಾಕಿಗೆ.

"ಶಾಲೆಗಳ ಹತ್ತಿರ ಇಟ್ಟಿರುವ ಯಂತ್ರ ಸುಳ್ಳು ಹೇಳುತ್ತಿದೆ ಅಂದರು ಅಪ್ಪ, ಫೋನಿನಲ್ಲಿ."

"ಯಾವ ಯಂತ್ರ?"

"ಆಟದ ಮೈದಾನದಲ್ಲಿರುತ್ತಲ್ಲ. ವಿಕಿರಣ ತೋರಿಸುವುದು. ಅದನ್ನು ಮಾಡುವುದು ಅಪ್ಪನ ಕಂಪನಿ."

ನಿಶಿಗಾಕಿಯ ಪೆನ್ನು ನಿಂತಿತು. "ಆ ಯಂತ್ರದ ಸಾಫ್ಟ್‌ವೇರ್ ಬರೆಯುವವರು ಯಾರು?"

ಇದಕ್ಕೆ ಅನುವಾದ ಬೇಕಾಗಲಿಲ್ಲ. ಕಾಮಾಕ್ಷಿ ಕಣ್ಣು ಮುಚ್ಚಿದಳು. "ಶ್ರೀಹರಿ," ಎಂದಳು.

\*\*\*

"ಏನ್ ಮೇಡಂ, ವಾಕೋದಲ್ಲಿ ಸೈಂಟಿಸ್ಟ್ ಅಂತೆ, ಇಲ್ಲಿ ಓವರ್‌ಟೈಮಾ?"

ಶ್ರೀಹರಿ ನಗುತ್ತ ಕುಳಿತ. ಮೂವತ್ತೊಂಬತ್ತು ವರ್ಷ. ಬೆಂಗಳೂರಿನವನು. ಒಗೆದು ಇಸ್ತ್ರಿ ಮಾಡಿದ ಶರ್ಟು. ನಾಳೆಯ ಹೇಳಿಕೆಗೆ ಮೊದಲು ಸಾಕ್ಷಿಯ ಮಾತನ್ನೂ ಮಾತೃಭಾಷೆಯಲ್ಲಿ ದಾಖಲಿಸಬೇಕೆಂದು ಅವನನ್ನು ಕರೆಸಿದ್ದರು.

"ಬೆಳಕು ಹೇಗಿತ್ತು?" ನಿಶಿಗಾಕಿ ಕೇಳಿದರು.

"ಬಿಳಿ. ಅಚ್ಚ ಬಿಳಿ. ದೂರದಲ್ಲಿದ್ದ ನನಗೇ ಕಣ್ಣು ಕತ್ತಲೆ ಕಟ್ತು. ಎರಡು ಮೂರು ಸೆಕೆಂಡ್ ಇತ್ತು. ಪಾಪ ಹುಡುಗ, ಬೇಕಂತ ಮಾಡಿದ್ನೋ ಇಲ್ವೋ ನಾನ್ ಹೇಳಕ್ಕಾಗಲ್ಲ. ನೋಡಿದ್ದು ಹೇಳ್ತಿದೀನಿ."

"ಲಿಂಗರಾಜುವಿನ ಟಾರ್ಚಿನದೇ ಬೆಳಕು?"

"ನೂರಕ್ಕೆ ನೂರು. ಬೇರೆ ಯಾರ ಹತ್ರಾನೂ ಅಷ್ಟು ಬ್ರೈಟ್ ಇರ್ಲಿಲ್ಲ."

"ಪ್ರಖರತೆ ಎಷ್ಟಿತ್ತೆಂದು ದಾಖಲೆಗೆ ಬೇಕು. ಅದೇ ಮಾದರಿಯ ಟಾರ್ಚು, ಅದೇ ಎಲ್‌ಇಡಿ ತರಿಸಿದ್ದೇವೆ. ನೀವು ಹಾಕಿ ತೋರಿಸಿ, ಅಷ್ಟೇ ಇತ್ತೇ ಹೇಳಿ."

ಮೇಜಿನ ಮೇಲೆ ಟಾರ್ಚು. ಪಕ್ಕದಲ್ಲಿ ಎರಡು ಸೆಲ್.

ಶ್ರೀಹರಿ ಟಾರ್ಚನ್ನು ಎಡಗೈಗೆ ತೆಗೆದುಕೊಂಡ. ಹೆಬ್ಬೆರಳಲ್ಲೇ ಮುಚ್ಚಳ ತಿರುಗಿಸಿದ. ಎಂಟು ವರ್ಷದ ಬಳಕೆ ಕೈಯಲ್ಲಿ ಕಾಣುತ್ತಿತ್ತು. "ಇದೇನ್ ಮೇಡಂ, ನಾನ್ ನಿದ್ದೆಗಣ್ಣಲ್ಲೂ ಮಾಡ್ತೀನಿ," ಎನ್ನುತ್ತ ಅವಳ ಮುಖವನ್ನೇ ನೋಡುತ್ತಿದ್ದ. ಸೆಲ್ಲುಗಳನ್ನು ನೋಡಲಿಲ್ಲ. ಒಂದು ಹೋಯಿತು. ಇನ್ನೊಂದು ಹೋಯಿತು. ಮುಚ್ಚಳ ಬಿಗಿಯಿತು.

ಪೇದೆ ಕೋಣೆಯ ದೀಪ ಆರಿಸಿದ.

ಸ್ವಿಚ್ಚಿನ ಸದ್ದು. ಕತ್ತಲೆ.

ಮತ್ತೆ ಸದ್ದು. ಕತ್ತಲೆ.

"ಕೆಟ್ಟಿದೆ ಇದು," ಎಂದ ಶ್ರೀಹರಿಯ ದನಿ.

ದೀಪ ಬಂತು. ನಿಶಿಗಾಕಿ ಕೈ ಚಾಚಿ ಟಾರ್ಚ್ ತೆಗೆದುಕೊಂಡರು. ಮುಂಭಾಗ ಬಿಚ್ಚಿ ಅವನ ಕಡೆ ಹಿಡಿದರು. ಚಪ್ಪಟೆ ತುದಿ ಹೊರಕ್ಕಿತ್ತು.

"ಯಾವಾಗಲೂ ಹೀಗೇ ಹಾಕುತ್ತಿದ್ದಿರಾ?"

"ಯಾವ ಕಡೆ ಹಾಕಿದ್ರೂ ಉರೀತಿತ್ತಲ್ಲ..."

ಅಲ್ಲಿಗೆ ಅವನಿಗೆ ಅರ್ಥವಾಯಿತು.

ನೀರಜಾ ಆ ಅರ್ಧ ವಾಕ್ಯವನ್ನು ಅರ್ಧದಲ್ಲೇ ನಿಲ್ಲಿಸಿ ಅನುವಾದಿಸಿದಳು. ಪೇದೆ ಬರೆದ. ಆಮೇಲೆ 'ಮೌನ' ಎಂದು ಬರೆದ.

"ಬಲ್ಬಿಗೆ ದಿಕ್ಕಿಲ್ಲ," ನಿಶಿಗಾಕಿ ಮೆಲ್ಲಗೆ ಹೇಳಿದರು. "ವಿದ್ಯುತ್ ಯಾವ ಕಡೆಯಿಂದ ಬಂದರೂ ತಂತಿ ಕಾಯುತ್ತದೆ, ಬೆಳಗುತ್ತದೆ. ಎಲ್‌ಇಡಿ ಒಂದೇ ಕಡೆಯಿಂದ ಒಪ್ಪುತ್ತದೆ. ಆ ದಿನ ಲಿಫ್ಟಿನ ಪಕ್ಕ ಬಿದ್ದಿದ್ದ ಟಾರ್ಚಿನಲ್ಲೂ ಸೆಲ್ ಹೀಗೇ ಇದ್ದವು. ಅದು ಉರಿಯಲೇ ಇಲ್ಲ. ನೀವು ನೋಡಿದ ಬೆಳಕು ಯಾವುದು, ಶ್ರೀಹರಿ ಸಾನ್? ಇಂದು ಮಧ್ಯಾಹ್ನ ನಿಮ್ಮ ಕಾರು ಶೋಧಿಸಿದೆವು. ಹತ್ತು ಸೆಲ್ಲಿನ ಪೊಟ್ಟಣ. ಎಂಟಿವೆ. ಮೇಲಿನ ತಯಾರಿಕೆಯ ಸಂಖ್ಯೆ ಟಾರ್ಚಿನೊಳಗಿನ ಎರಡಕ್ಕೂ ಒಂದೇ."

ಶ್ರೀಹರಿ ತನ್ನ ಬೆರಳುಗಳನ್ನು ನೋಡಿಕೊಂಡ. ಅವು ಬೇರೆ ಯಾರದೋ ಎಂಬಂತೆ.

"ಒಂದೇ ಒಂದು ಸಾಲು ಕೋಡ್ ಮೇಡಂ," ಎಂದ. ಈಗ ನಗು ಇರಲಿಲ್ಲ. "ರೀಡಿಂಗ್ ಧಿಡೀರ್ ಏರಿದ್ರೆ ಯಂತ್ರದ ದೋಷ ಅಂತ ಬಿಸಾಕು ಅಂತ. ಟೆಸ್ಟಿಂಗಿಗೆ ಹಾಕಿದ್ದು. ತೆಗೆಯೋದು ಮರೆತೆ. ಎರಡು ವರ್ಷ. ಗೊತ್ತಾದಾಗ ಹೇಳೋ ಹಾಗಿರ್ಲಿಲ್ಲ. ಆ ಮೈದಾನಗಳಲ್ಲಿ ಮಕ್ಕಳು ಆಡಿದ್ರು. ರಮಾಕಾಂತ್ ಹತ್ರ ಕಾಲು ಹಿಡಿಯೋದೊಂದು ಬಾಕಿ. 'ಸೋಮವಾರ ಹೇಳ್ತೀನಿ' ಅಂದ್ರು. ಅಷ್ಟೇ ಅಂದ್ರು."

ನೀರಜಾ 'ನಾನು' ಎಂದೇ ಅನುವಾದಿಸಬೇಕಿತ್ತು. ಅದು ನಿಯಮ. ನಾನು ತೆಗೆಯಲು ಮರೆತೆ. ನಾನು ಊಟದ ಹೊತ್ತಿನಲ್ಲಿ ಬೋಲ್ಟ್ ಬಿಚ್ಚಿದೆ.

"ಒಳಗೆ ನಾವು ಮೂವರೂ ಕನ್ನಡದಲ್ಲೇ ಕೂಗ್ತಿದ್ವಿ. ಎದುರು ಪಾರ್ಟಿಗೆ ಅರ್ಥ ಆಗ್ಬಾರ್ದು ಅಂತ. ರಮಾಕಾಂತ್ ಕತ್ತಲೆಯಲ್ಲಿ ಗೋಡೆ ಹಿಡ್ಕೊಂಡು ಬರ್ತಿದ್ರು. 'ದಾರಿ ಖಾಲಿ ಇದೆ, ಬನ್ನಿ' ಅಂದೆ." ಅವನು ಉಗುಳು ನುಂಗಿದ. "ಬಂದ್ರು."

ದಾರಿ ಖಾಲಿ ಇದೆ ಬನ್ನಿ ಎಂದು ನಾನು ಕರೆದೆ, ಎಂದಳು ನೀರಜಾ ಜಪಾನೀಸಿನಲ್ಲಿ. ಅವರು ಬಂದರು.

ಪೇದೆ ಬರೆದುಕೊಂಡ.

\*\*\*

ಬಿಡುಗಡೆಯ ಕಾಗದಪತ್ರ ಮುಗಿಯಲು ಎರಡು ದಿನ ಹಿಡಿಯಿತು. ನಿಶಿಗಾಕಿ ಲಿಂಗರಾಜುವಿನ ಮುಂದೆ ಸೊಂಟ ಬಾಗಿಸಿ ನಿಂತರು. ಬಹಳ ಹೊತ್ತು ಹಾಗೇ ಇದ್ದರು. ಅವನಿಗೆ ಏನು ಮಾಡಬೇಕೋ ತಿಳಿಯದೆ ಅವನೂ ಬಾಗಿದ.

ಹೊರಗೆ ನವೆಂಬರಿನ ಬಿಸಿಲು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದ.

"ಶ್ರೀಹರಿ ಸರ್ ಯಾಕಕ್ಕ ಸೆಲ್ ಹಾಕೋಕೆ ಹೋದ್ರು?" ಮೇಡಂ ಹೋಗಿ ಅಕ್ಕ ಬಂದಿತ್ತು. "ಬಂದೂಕು ಅಲ್ಲಿ ಎಸೆದಿದ್ರೇ ಸಾಕಿತ್ತು."

"ಸ್ಟ್ಯಾಂಡಿಂದ ತಗೊಂಡಾಗ ಸ್ವಿಚ್ ಒತ್ತಿ ನೋಡಿರಬೇಕು. ಉರೀಲಿಲ್ಲ. ನೀನು ಸೆಲ್ ತೆಗೆದಿದೀಯ ಅಂತ ಗೊತ್ತಾಯ್ತು. ಖಾಲಿ ಟಾರ್ಚ್ ಸಿಕ್ಕಿದ್ರೆ ಬೆಳಕಿನ ಕತೆ ಯಾರು ನಂಬ್ತಾರೆ? ಅದಕ್ಕೆ ಕೈಗವಸು ಹಾಕ್ಕೊಂಡು ತನ್ನದೇ ಸೆಲ್ ಹಾಕಿದ. ಎಲ್‌ಇಡಿ ಅಂತ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರ್ಲಿಲ್ಲ. ಒಳಗೆ ಹೋದ ಮೇಲೆ ಉರಿಸಿ ನೋಡೋ ಹಾಗೂ ಇರ್ಲಿಲ್ಲ. ಆ ಕತ್ತಲೇಲಿ ಒಂದು ಕ್ಷಣ ಉರಿಸಿದ್ರೂ ಅವನು ಅಲ್ಲಿರೋದು ಎಲ್ಲರಿಗೂ ಕಾಣ್ತಿತ್ತು."

ಇಬ್ಬರೂ ನಿಲ್ದಾಣದ ಕಡೆ ನಡೆದರು. ಸಿಗ್ನಲ್ಲಿನಲ್ಲಿ ನಿಂತರು. ಹಸಿರು ಬಂತು. ಅವನು ದಾಟಲಿಲ್ಲ.

"ಅಕ್ಕ, ನಾನು ಸೈನ್ ಹಾಕ್ತಿದ್ದೆ."

"ಗೊತ್ತು. ಸುಸ್ತಾಗಿತ್ತು ನಿಂಗೆ."

"ಸುಸ್ತಿಗಲ್ಲ." ಅವನು ರಸ್ತೆಯನ್ನೇ ನೋಡುತ್ತಿದ್ದ. "ದಿನಾ ಕೇಳೋರು. ಬೆಳಕು ಹಾಕಿದೆ ಅಲ್ವಾ, ಹಾಕಿದೆ ಅಲ್ವಾ ಅಂತ. ಏಳನೇ ದಿನ ಮಲಗಿದ್ದಾಗ ಕಾಣಿಸ್ತು ನಂಗೆ. ನನ್ ಕೈಯಲ್ಲಿ ಬಂದೂಕು. ಬಿಳೀ ಬೆಳಕು. ಸರ್ ಮುಖಕ್ಕೆ ಕೈ ಅಡ್ಡ ಇಟ್ಕೊಂಡಿದ್ರು."

ನೀರಜಾ ಅವನ ಕಡೆ ತಿರುಗಿದಳು.

"ಉರಿದೇ ಇಲ್ಲ ಅಂತ ಈಗ ನೀವು ಹೇಳ್ತಿದೀರ. ಸೆಲ್ ಉಲ್ಟಾ ಇತ್ತು, ಗೊತ್ತಾಯ್ತು. ಆದ್ರೂ ಕಣ್ ಮುಚ್ಚಿದ್ರೆ ಕಾಣುತ್ತಕ್ಕ. ಈಗ್ಲೂ."

ಸಿಗ್ನಲ್ ಕೆಂಪಾಯಿತು. ಅವರು ನಿಂತೇ ಇದ್ದರು.